ಅಗಿದು ಕೊಟ್ಟ ಎಲೆ

ಮೇ 3, 2021, ಸೋಮವಾರ

ಗೋಣೆಪ್ಪನ ಬಾಗಿಲಿಗೆ ಇವತ್ತು ಪಟ್ಟಿ ಕಟ್ಟಿದರು. ಕೆಂಪು-ಬಿಳಿ ಪಟ್ಟಿ, ನಡುವೆ ಒಂದು ಕಾಗದ. ನಮ್ಮ ಕಟ್ಟೆಯ ಮೇಲೆ ಕೂತರೆ ಎದುರಿಗೇ ಕಾಣುತ್ತದೆ, ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವನು; ಕೆಮ್ಮಿದರೂ ಸೀಟಿ ಊದಿದ ಹಾಗೆ ಓಣಿಗೆಲ್ಲ ಕೇಳುತ್ತದೆ. ಮನೆಮನೆ ವಿಚಾರಿಸುತ್ತ ಬಂದ ದವಾಖಾನೆಯವರಿಗೆ ನಾನೇ ಬೆರಳು ಮಾಡಿ ತೋರಿಸಿದೆ. ತಪ್ಪೇನು? ಇಟ್ ಈಸ್ ಮೈ ಡ್ಯೂಟಿ. ಗದಗಿನ ಕಾಲೇಜಿನಲ್ಲಿ ಎರಡು ವರ್ಷ ಬಿ.ಎ. ಓದಿದ್ದೇನೆ. ಇಂಗ್ಲಿಷ್ ಪೇಪರು ಉಳಿದು ಪದವಿ ಕೈಗೆ ಬರಲಿಲ್ಲ, ಆದರೆ ಆ ಡಿಸಿಪ್ಲಿನ್ ಎಲ್ಲಿ ಹೋಗುತ್ತದೆ? ಕಟ್ಟೆಯ ಗೋಡೆಗೆ ಸುಣ್ಣದಲ್ಲಿ ಬರೆದಿದ್ದೇನೆ, 'ನೋ ಮಾಸ್ಕ್, ನೋ ಟಾಕ್.' ಓಣಿಯ ಹುಡುಗರು ಓದಿ ನಗುತ್ತಾರೆ. ನಗಲಿ.

ಗೋಣೆಪ್ಪ ಕಿಟಕಿಯಲ್ಲಿ ನಿಂತು ಕೂಗಿದ. "ಗುರುಸಂಗಪ್ಪಾ, ನೀನ ಹೇಳಿದ್ಯೇನಲೇ?"

"ನಿನ್ನ ಚಲೋದಕ್ಕ ಹೇಳೇನೋ."

"ನನ್ನ ಚಲೋದು ನನ್ನ ಕಿವ್ಯಾಗ ಹೇಳಬೇಕಿತ್ತು. ಓಣಿ ತುಂಬ ಡಂಗುರ ಹೊಡಿಸಿದೆಲ್ಲೋ ಮಾರಾಯಾ!"

ಮಾಸ್ಕ್ ಮೂಗಿನ ಮೇಲೆ ಏರಿಸಿಕೊಂಡು ಒಳಗೆ ಬಂದೆ.

ಒಂದು ಮಾತು ಉಳಿಯಿತು. ಆ ದವಾಖಾನೆಯ ಹೆಣ್ಣುಮಗಳು, "ಇವ್ರ ಜೋಡಿ ಯಾರ್ಯಾರು ಕೂಡ್ತಿದ್ರಿ?" ಎಂದು ಕೇಳಿದಾಗ ನಾನು ಗುಡ್ಡದ ಕಡೆ ನೋಡಿದೆ, ಕೋಟೆಯ ಕಲ್ಲು ಇವತ್ತೇ ಮೊದಲ ಸಲ ಕಂಡವನ ಹಾಗೆ. ಹೋದ ವಾರದ ತನಕ ಸಂಜೆಯಾದರೆ ನಾವಿಬ್ಬರೂ ಇದೇ ಕಟ್ಟೆಯ ಮೇಲೆ ಒಂದೇ ಎಲೆಚೀಲ ಬಿಚ್ಚಿಕೊಂಡು ಕೂಡುತ್ತಿದ್ದೆವು. ಎಲೆ ಒರೆಸುವ ಕೈ ಅವನದು, ಸುಣ್ಣ ತೀಡುವ ಬೆರಳು ನನ್ನದು. ಆದರೆ ಅದು ಓಪನ್ ಏರ್. ಓಪನ್ ಏರಿನಲ್ಲಿ ಕೂತದ್ದು ಲೆಕ್ಕಕ್ಕಿಲ್ಲವೆಂದು ಎಲ್ಲೋ ಓದಿದ ನೆನಪು. ಗೋಣೆಪ್ಪನೂ ನನ್ನ ಹೆಸರು ಹೇಳಲಿಲ್ಲ. ಯಾಕೋ ಗೊತ್ತಿಲ್ಲ.

ಮೇ 8, ಶನಿವಾರ

ಲಾಕ್‌ಡೌನ್. ಮಗ ಕೊಟ್ರೇಶ ಬೆಳಿಗ್ಗೆ ಅಡತಿ ಅಂಗಡಿಗೆ ಹೋಗಿ, ಕಡಲೆ ಚೀಲಗಳಿಗೆ ಒಂದು ಸುತ್ತು ಹಾಕಿ, ಬಿಸಿಲೇರುವುದರೊಳಗೆ ಬರುತ್ತಾನೆ. ಬಂದವನು ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು. ಅದು ನನ್ನ ಆರ್ಡರ್. ಸೊಸೆ ಮಹೇಶ್ವರಿ ಸೂಡಿಯವಳು, ತವರಿಗೆ ಹೋಗುತ್ತೇನೆಂದರೂ ಬಿಟ್ಟಿಲ್ಲ. ಮೊಮ್ಮಗಳು ಅನ್ನಪೂರ್ಣೇಶ್ವರಿ, ನಮ್ಮ ಬಾಯಲ್ಲಿ ಅನ್ನಿ, ಎರಡನೆಯ ಇಯತ್ತೆಯನ್ನು ಮೊಬೈಲಿನಲ್ಲೇ ಮುಗಿಸಿದ್ದಾಳೆ. ಶಾಲೆಯ ಬಾಗಿಲು ಯಾವ ಬಣ್ಣದ್ದೆಂದು ಕೇಳಿದರೆ ಯೋಚನೆ ಮಾಡುತ್ತಾಳೆ.

ನನ್ನ ದಿವಂಗತ ಪತ್ನಿಯ ಎಲೆಚೀಲ ಈಗ ನನ್ನ ಸುಪರ್ದಿಗೆ ಬಂದಿದೆ. ಜೊತೆಗೆ ಅವಳ ಒಂದು ಕೆಲಸವೂ ಬಂದಿದೆ. ಊಟವಾದ ಮೇಲೆ ಅವಳು ಎಲೆ-ಅಡಿಕೆ ಅಗಿದು, ಕೆಂಪಗಾದ ಮೇಲೆ ಚಿಟಿಕೆಯಷ್ಟು ತೆಗೆದು ಅನ್ನಿಯ ಬಾಯಿಗಿಡುತ್ತಿದ್ದಳು. ಚಿಕ್ಕವಳಿದ್ದಾಗ ಪತ್ನಿಗೂ ಅವಳ ತಾಯಿ ಹಾಗೆಯೇ ಕೊಟ್ಟವಳು. ಹಲ್ಲು ಗಟ್ಟಿ ಆಗದ ಮಕ್ಕಳಿಗೆ ಹಿರಿಯರು ಅಗಿದು ಕೊಡುವುದು ನಮ್ಮ ಮನೆಗಳಲ್ಲಿ ಮುದ್ದಿನ ಮಾತು. ಪತ್ನಿ ತೀರಿಕೊಂಡ ವಾರ, ಮನೆ ತುಂಬ ಮಂದಿ ಇದ್ದಾಗ, ಈ ಕೂಸು ನನ್ನ ಮುಂದೆ ಬಂದು ಬಾಯಿ ತೆರೆದು ನಿಂತಿತ್ತು. ಏನು ಮಾಡಲಿ? ಕೊಟ್ಟೆ. ಅಂದಿನಿಂದ ಊಟವಾದ ಕೂಡಲೇ, "ಅಜ್ಜಾ, ಆ…" ಎನ್ನುತ್ತಾಳೆ. ಆಮೇಲೆ ಕನ್ನಡಿಯಲ್ಲಿ ತುಟಿ ನೋಡಿಕೊಂಡು, "ನಾ ಈಗ ಅಮ್ಮ ಆದೆ" ಎಂದು ಸೊಂಟಕ್ಕೆ ಕೈಯಿಟ್ಟು ಮನೆಯೆಲ್ಲಾ ಓಡಾಡುತ್ತಾಳೆ. ಅಜ್ಜಿಯನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದಳು. ಥೇಟ್ ಅಜ್ಜಿಯದೇ ನಡಿಗೆ.

ಇವತ್ತೂ ಕೊಟ್ಟೆ. ಮೈಕೈ ಸ್ವಲ್ಪ ನೋಯುತ್ತಿದೆ. ಬಿಸಿಲು.

ಮೇ 11, ಮಂಗಳವಾರ

ಎಲೆಗೆ ಖಾರವಿಲ್ಲ. ಸುಣ್ಣ ಹೆಚ್ಚು ಹಚ್ಚಿಕೊಂಡೆ. ನಾಲಿಗೆ ಸುಡಬೇಕಿತ್ತು, ಸುಡಲಿಲ್ಲ. ಊದಿನಕಡ್ಡಿ ಹಚ್ಚಿ ಮೂಗಿನ ಹತ್ತಿರ ಹಿಡಿದೆ. ಹೊಗೆ ಕಣ್ಣಿಗೆ ಹೋಯಿತು, ವಾಸನೆ ಎಲ್ಲಿಗೂ ಹೋಗಲಿಲ್ಲ. ರಾತ್ರಿ ಮೈ ಬಿಸಿ ಇತ್ತು, ಪ್ಯಾರಾಸಿಟಮಾಲ್ ನುಂಗಿ ಮಲಗಿದ್ದೆ, ಮಹೇಶ್ವರಿಗೆ ತಿಳಿಯದ ಹಾಗೆ.

ಇದು ಅದೇ ಎಂದು ನಾನ್ಯಾಕೆ ತಿಳಿಯಬೇಕು? ಪಿತ್ತಕ್ಕೂ ನಾಲಿಗೆ ಕೆಡುತ್ತದೆ. ದವಾಖಾನೆಗೆ ಹೋಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡರೆ, ಸಂಜೆಯೊಳಗೆ ನಮ್ಮ ಬಾಗಿಲಿಗೂ ಪಟ್ಟಿ. ಎದುರಿನ ಕಿಟಕಿಯಲ್ಲಿ ಗೋಣೆಪ್ಪ ನಿಂತು ನೋಡುತ್ತಾನೆ. ಗೋಡೆಯ ಮೇಲೆ ನನ್ನ ಅಕ್ಷರ, ಕೆಳಗೆ ಆ ಪಟ್ಟಿ. ಆ ಚಿತ್ರ ಕಣ್ಣ ಮುಂದೆ ಬಂದರೆ ಜ್ವರಕ್ಕಿಂತ ಹೆಚ್ಚು ಬೆವರು ಬರುತ್ತದೆ. ಅದೂ ಅಲ್ಲದೆ ಮೈಲ್ಡ್ ಕೇಸ್. ವೆರಿ ಮೈಲ್ಡ್.

ಊಟವಾದ ಮೇಲೆ ಅನ್ನಿ ಬಂದು ಬಾಯಿ ತೆರೆದಳು. ಇವತ್ತು ಬೇಡ ಎಂದೆ. "ಯಾಕಜ್ಜಾ?" ಎಂದಳು. ಮಹೇಶ್ವರಿ ಪಾತ್ರೆ ತಿಕ್ಕುತ್ತಿದ್ದವಳು ತಿರುಗಿ ನೋಡಿದಳು. ಯಾಕೆಂದು ಹೇಳಲು ನನ್ನ ಹತ್ತಿರ ಒಂದೇ ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ.

ಚಿಟಿಕೆಯಷ್ಟೇ ಕೊಟ್ಟೆ. ದಿನದ ಪಾಲಿಗಿಂತ ಕಡಿಮೆ.

ಮಕ್ಕಳಿಗೆ ಇದು ಏನೂ ಮಾಡುವುದಿಲ್ಲ. ಟಿವಿಯಲ್ಲೂ ಹೇಳಿದ್ದಾರೆ. ಚಿಲ್ಡ್ರನ್ ಹ್ಯಾವ್ ಇಮ್ಯುನಿಟಿ.

ಮೇ 14, ಶುಕ್ರವಾರ

ಬಸವ ಜಯಂತಿ. ಹೋಳಿಗೆ, ಕಟ್ಟಿನ ಸಾರು. ಎರಡೂ ನನಗೆ ಒಂದೇ, ಒಂದು ಮೆತ್ತಗಿನ ಕಾಗದ, ಇನ್ನೊಂದು ಬಿಸಿನೀರು.

"ಸಾರಿಗೆ ಉಪ್ಪು ಬರೋಬ್ಬರಿ ಆಗೇತೇನ್ರಿ ಮಾವಾರ?" ಎಂದು ಮಹೇಶ್ವರಿ ಕೇಳಿದಳು.

"ಫಸ್ಟ್ ಕ್ಲಾಸ್ ಆಗೇತವ್ವಾ," ಎಂದೆ.

ಕೊಟ್ರೇಶ ಆಮೇಲೆ ಕೂತವನು ಒಂದು ತುತ್ತಿಗೇ ಮುಖ ಕಿವುಚಿದ. "ಏನ ಇದು? ಉಪ್ಪ ಹಾಕಿಲ್ಲೇನ?" ಮಹೇಶ್ವರಿ ನಾಲಿಗೆ ಕಚ್ಚಿಕೊಂಡು, "ಅಯ್ಯ, ಮರ್ತ ಬಿಟ್ಟೇನಿ. ಪಾಪ, ಮಾವಾರು ನನ್ನ ಮನಸ್ಸ ನೋಯಬಾರ್ದಂತ ಹಂಗ ಉಂಡಾರ," ಎಂದಳು. ಕೊಟ್ರೇಶ, "ನಮ್ಮಪ್ಪ ಅಂದ್ರ ಏನಂತ ತಿಳಿದಿ?" ಎಂದು ನಕ್ಕ. ನಾನೂ ನಕ್ಕೆ.

ಮೇ 18, ಮಂಗಳವಾರ

ಅನ್ನಿಗೆ ನಿನ್ನೆ ಮೈ ಬೆಚ್ಚಗಿತ್ತು, ಮೂಗು ಸೋರುತ್ತಿತ್ತು. ಇವತ್ತು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಳೆ. ಪರೀಕ್ಷೆ ಮಾಡಿಸೋಣವೇ ಎಂದು ಮಹೇಶ್ವರಿ ಕೇಳಿದಳು. "ಸಣ್ಣ ನೆಗಡಿಗೆ ಮಗುವಿನ ಮೂಗಿಗೆ ಕಡ್ಡಿ ಹಾಕಿಸ್ತೀಯೇನವ್ವಾ?" ಎಂದೆ. ತಲೆಯಾಡಿಸಿ ಒಳಗೆ ಹೋದಳು. ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆಯಿದೆ.

ನನಗೂ ಎಲೆಯ ಖಾರ ತುಸು ತುಸು ತಿಳಿಯತೊಡಗಿದೆ. ಬಂದದ್ದು ಹೋಯಿತು. ಯಾರಿಗೂ ಗೊತ್ತಾಗಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಚಾಪ್ಟರ್ ಕ್ಲೋಸ್ಡ್.

ಮೇ 27, ಗುರುವಾರ

ಗೋಣೆಪ್ಪನ ಪಟ್ಟಿ ಬಿಚ್ಚಿ ಕೆಲವು ದಿನವಾಯಿತು. ಇವತ್ತು ಮೊದಲ ಸಲ ತನ್ನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ, ಬಹಳ ಇಳಿದಿದ್ದಾನೆ. ನಾನು ಕಟ್ಟೆಯಿಂದ ಕೈ ಎತ್ತಿದೆ. ಅವನು ಗೋಡೆಯ ಬರಹ ತೋರಿಸಿ, ತನ್ನ ಬಾಯಿಗೆ ಬೆರಳಿಟ್ಟುಕೊಂಡ. ತಾನು ಮಾಸ್ಕ್ ಹಾಕಿಕೊಂಡಿಲ್ಲ, ಹಾಗಾಗಿ ಮಾತಿಲ್ಲ ಎಂಬಂತೆ. ಕಂಡಕ್ಟರ್ ಬುದ್ಧಿ.

ನಾನು ಲಸಿಕೆ ಇನ್ನೂ ಹಾಕಿಸಿಕೊಂಡಿಲ್ಲ. ಬಿ.ಪಿ. ಇದೆ. ವೇಟ್ ಅಂಡ್ ಸೀ.

ಜೂನ್ 10, ಗುರುವಾರ

ಅನ್ನಿಗೆ ಜ್ವರ. ಮೊನ್ನೆಯಿಂದ ಇಳಿದಿಲ್ಲ. ಹೊಟ್ಟೆ ನೋವು ಎಂದು ಮುದುಡಿ ಮಲಗುತ್ತಾಳೆ. ಕುಡಿದದ್ದೆಲ್ಲ ವಾಂತಿ. ಇಲ್ಲಿಯ ಡಾಕ್ಟರು ಟೈಫಾಯಿಡ್ ಇರಬಹುದೆಂದು ಔಷಧಿ ಕೊಟ್ಟಿದ್ದಾರೆ. ಮಳೆಗಾಲದ ಹೊಸ ನೀರು, ಅದೇ ಇರಬೇಕು. ಕುದಿಸಿ ಕುಡಿಸೆಂದು ಮಹೇಶ್ವರಿಗೆ ಎಷ್ಟು ಸಲ ಹೇಳಿದ್ದೇನೆ.

ಜೂನ್ 12, ಶನಿವಾರ

ಬೆಳಿಗ್ಗೆ ಮಹೇಶ್ವರಿ ನನ್ನ ಕೋಣೆಗೆ ಬಂದಳು. ಎಂದೂ ಹಾಗೆ ಬಂದವಳಲ್ಲ.

"ಜ್ವರದಾಗಿನ ಕೂಸಿಗೆ ಎಲಿ ಕೊಟ್ಟೀರೇನ್ರಿ?"

ಇಲ್ಲವೆಂದೆ. ನಿಜವಾಗಿಯೂ ಕೊಟ್ಟಿರಲಿಲ್ಲ. ಹೋಗಿ ನೋಡಿದೆ. ಅನ್ನಿಯ ತುಟಿ ಕೆಂಪಗಾಗಿತ್ತು. ಈಗಷ್ಟೇ ಎಲೆ ತಿಂದವರ ಹಾಗೆ ಕಡುಗೆಂಪು, ಅಂಚಿನಲ್ಲಿ ಬಿರಿದಿತ್ತು. ನಾಲಿಗೆಯೂ ಕೆಂಪು, ಕಣ್ಣೂ ಕೆಂಪು. ಹೊಟ್ಟೆಯ ಮೇಲೆ ಗಂಧೆ. ಒದ್ದೆ ಅರಿವೆಯಿಂದ ತುಟಿ ಒರೆಸಿದೆ. ಅರಿವೆಗೆ ಬಣ್ಣ ಹತ್ತಲಿಲ್ಲ. ಮತ್ತೆ ಒರೆಸಿದೆ. "ಉರೀತೈತಿ ಅಜ್ಜಾ," ಎಂದಳು.

ಜೂನ್ 13, ಭಾನುವಾರ

ಡಾಕ್ಟರು ಇವತ್ತು ಅವಳನ್ನು ನೋಡಿ ಕುರ್ಚಿ ಬಿಟ್ಟು ಎದ್ದರು. "ಒಂದು ತಿಂಗಳದ ಹಿಂದ ಮನ್ಯಾಗ ಯಾರಿಗಾರ ಕೊರೊನಾ ಆಗಿತ್ತೇನ್ರಿ? ಜ್ವರ, ಕೆಮ್ಮು, ನಾಲಿಗಿಗೆ ರುಚಿ ಇಲ್ದಂಗ ಆಗೋದು?"

ಕೊಟ್ರೇಶ ಕೂಡಲೇ ಹೇಳಿದ, "ಇಲ್ರಿ ಸರ. ನಮ್ಮಪ್ಪ ಭಾಳ ಸ್ಟ್ರಿಕ್ಟು. ನಮ್ಮ ಓಣ್ಯಾಗ ಯಾರನ್ನ ಕೇಳ್ರಿ."

ಡಾಕ್ಟರು ನನ್ನ ಕಡೆ ನೋಡಿದರು.

"ನೋ ಸರ್," ಎಂದೆ.

ಇಂಗ್ಲಿಷಿನಲ್ಲಿ ಯಾಕೆ ಹೇಳಿದೆ? ಕನ್ನಡದಲ್ಲಿ ಬಾಯಿ ಬರಲಿಲ್ಲ.

ಹುಬ್ಬಳ್ಳಿಗೆ ಒಯ್ಯಿರಿ, ತಡ ಮಾಡಬೇಡಿ ಎಂದಿದ್ದಾರೆ. ಗಾಡಿ ಬರುತ್ತಿದೆ.

ಜೂನ್ 14, ಸೋಮವಾರ, ಹುಬ್ಬಳ್ಳಿ

ಹೇಳಿದೆ.

ಜೂನ್ 15, ಮಂಗಳವಾರ, ಹುಬ್ಬಳ್ಳಿ

ದವಾಖಾನೆಯ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಬರೆಯುತ್ತಿದ್ದೇನೆ. ಇವತ್ತಿನಿಂದ ನನ್ನನ್ನು ಒಳಗೆ ಬಿಡುವುದಿಲ್ಲ, ತಾಯಿ ಒಬ್ಬಳಿಗೇ ಅಪ್ಪಣೆ. ಅಪ್ಪಣೆ ಇದ್ದರೂ ಹೋಗುವ ಮುಖವಿಲ್ಲ.

ನಿನ್ನೆ ಬೆಳಿಗ್ಗೆ ಡಾಕ್ಟರಮ್ಮ ಬಂದು ಮತ್ತೆ ಅದೇ ಪ್ರಶ್ನೆ ಕೇಳಿದರು, ಕೊಟ್ರೇಶ ಮತ್ತೆ ಅದೇ ಉತ್ತರ ಕೊಟ್ಟ. ನನ್ನ ಮೇಲಿನ ಅವನ ಅಭಿಮಾನ ಗಾಡಿ ಹತ್ತಿ ಹುಬ್ಬಳ್ಳಿಯ ತನಕ ಬಂದಿತ್ತು. ಡಾಕ್ಟರಮ್ಮ ತಲೆ ಕೆರೆದುಕೊಂಡು, "ಡೆಂಗೀನೂ ಇರಬಹುದು, ಕೊರೊನಾ ಆದ ಮ್ಯಾಲೆ ಮಕ್ಕಳಿಗೆ ಬರೋ ಬ್ಯಾನಿನೂ ಇರಬಹುದು. ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ. ರಕ್ತದ ರಿಪೋರ್ಟ್ ಬರೋತನಕ ದಾರಿ ಕಾಯೋದು ಕಷ್ಟ, ಬಿ.ಪಿ. ಇಳಿಯಾಕತ್ತೈತಿ," ಎಂದರು.

ಆಗ ನರ್ಸ್ ಅನ್ನಿಯ ತುಟಿಗೆ ಹತ್ತಿ ಒತ್ತುತ್ತ, ಅವಳನ್ನು ಎಚ್ಚರ ಇಡಬೇಕೆಂದೋ ಏನೋ, "ಏನ ಪುಟ್ಟಿ, ಲಿಪ್‌ಸ್ಟಿಕ್ ಯಾರ ಹಚ್ಚ್ಯಾರ ನಿನಗ?" ಎಂದಳು.

ಅನ್ನಿ ಕಣ್ಣು ತೆರೆಯದೆ ಹೇಳಿದಳು, "ನಮ್ಮಜ್ಜ. ನಮ್ಮಜ್ಜ ಎಲಿ ಅಗಿದು ಕೊಡ್ತಾನ."

ಹೆಮ್ಮೆಯಿಂದ ಹೇಳಿದಳು. ಅಷ್ಟು ಜ್ವರದಲ್ಲಿ.

ಮಹೇಶ್ವರಿ ನನ್ನ ಕಡೆ ತಿರುಗಿದಳು. "ಮತ್ತ ಇಲ್ಲ ಅಂದ್ರಿ?"

"ಈಗ ಕೊಟ್ಟಿಲ್ಲವ್ವಾ," ಎಂದೆ. "ಹೋದ ತಿಂಗಳ ಕೊಟ್ಟೆ. ನನಗ ಜ್ವರ ಇದ್ದಾಗ. ನಾಲಿಗಿಗೆ ಸುಣ್ಣ ಸುಡದಿದ್ದಾಗ. ಉಪ್ಪಿಲ್ಲದ ಸಾರು ನನಗ ಗೊತ್ತ ಆಗಿದ್ದಿಲ್ಲ."

ಡಾಕ್ಟರಮ್ಮ, "ಯಾವಾಗ ಅಜ್ಜಾರ? ಬರೋಬ್ಬರಿ ನೆನಪ ಮಾಡಿ ಹೇಳ್ರಿ," ಎಂದರು. ಬಸವ ಜಯಂತಿಯ ಮುಂಚೆ ಎಂದೆ. ಆಮೇಲೆ ಅವಳಿಗೆ ಸಣ್ಣ ನೆಗಡಿ ಬಂದಿತ್ತೆಂದೂ, ಪರೀಕ್ಷೆ ಮಾಡಿಸೋಣವೆಂದ ಸೊಸೆಯನ್ನು ನಾನೇ ತಡೆದೆನೆಂದೂ ಹೇಳಿದೆ. ನನ್ನನ್ನು ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ. ನರ್ಸಿಗೆ ಏನೇನೋ ಹೇಳುತ್ತ ಹೋಗಿಬಿಟ್ಟರು. ಮಧ್ಯಾಹ್ನದೊಳಗೆ ಸಲಾಯಿನಿನ ಜೊತೆ ಇನ್ನೊಂದು ಬಾಟಲಿ ಹತ್ತಿತು.

ಆಮೇಲೆ ಕೊಟ್ರೇಶನಿಗೆ ತಿಳಿಸಿ ಹೇಳಿದರಂತೆ. ಬಹಳ ಮಕ್ಕಳಿಗೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಎಲ್ಲೋ ಒಬ್ಬೊಬ್ಬರಿಗೆ ಕೆಲವು ವಾರದ ಮೇಲೆ ಮೈಯೊಳಗಿನ ಕಾವಲೇ ಮೈಯ ಮೇಲೆ ತಿರುಗಿ ಬೀಳುತ್ತದೆ. ಹೃದಯಕ್ಕೂ ತಟ್ಟಬಹುದು. ಅದನ್ನೇ ಈಗ ನೋಡುತ್ತಿದ್ದಾರೆ.

ಕೊಟ್ರೇಶ ಇಷ್ಟನ್ನೂ ನೆಲ ನೋಡುತ್ತ ನನಗೆ ಹೇಳಿದ. ಕೊನೆಗೆ, "ಮಂದಿ ಮನಿಗೆ ಪಟ್ಟಿ ಕಟ್ಟಿಸಿದಿ, ಅಪ್ಪಾ," ಎಂದ. ಅಷ್ಟೇ. ಬೈದಿದ್ದರೆ ಬೈಸಿಕೊಂಡು ಕೂಡಬಹುದಿತ್ತು.

ಜೂನ್ 16, ಬುಧವಾರ

ಜ್ವರ ಇಳಿದಿಲ್ಲ.

ಜೂನ್ 17, ಗುರುವಾರ

ಇಳಿದಿದೆ. ನೀರು ಕೇಳಿದಳಂತೆ.

ಜೂನ್ 24, ಗುರುವಾರ, ನರಗುಂದ

ಅನ್ನಿ ಮನೆಗೆ ಬಂದಳು. ಹೃದಯದ ಒಂದು ನಾಳ ತುಸು ಉಬ್ಬಿದೆಯಂತೆ. ದಿನಾ ಸಣ್ಣ ಗುಳಿಗೆ ನುಂಗಬೇಕು, ಆಗಾಗ ಹುಬ್ಬಳ್ಳಿಗೆ ಹೋಗಿ ತೋರಿಸಬೇಕು, ಓಡಬಾರದು, ಜಿಗಿಯಬಾರದು. ಸರಿಹೋಗುತ್ತದೆ ಎಂದಿದ್ದಾರೆ. ಸರಿಹೋಗಬಹುದು ಎಂದಿದ್ದಾರೋ ಏನೋ, ಕೊಟ್ರೇಶ ಹೇಳುವಾಗ ಅವನ ಧ್ವನಿ ಸಣ್ಣದಾಗಿತ್ತು, ಮತ್ತೊಮ್ಮೆ ಕೇಳುವ ಧೈರ್ಯ ಬರಲಿಲ್ಲ. ಕುಂಟಾಬಿಲ್ಲೆಯ ಗೆರೆ ಅಂಗಳದಲ್ಲಿ ಹಾಗೇ ಇತ್ತು. ಅವಳು ಬರುವ ಮುಂಚೆ ನೀರು ಹಾಕಿ ತೊಳೆದೆ.

ಮಹೇಶ್ವರಿ ನನ್ನೊಂದಿಗೆ ಮಾತಾಡುವುದಿಲ್ಲ. ತಾಟು ತಂದಿಟ್ಟು ಹೋಗುತ್ತಾಳೆ. ನಾನು ಹೊರಗಿನ ಪಡಸಾಲೆಯಲ್ಲೇ ಉಣ್ಣುತ್ತೇನೆ.

ಸಂಜೆ ರಸ್ತೆ ದಾಟಿ ಗೋಣೆಪ್ಪನ ಬಾಗಿಲಿಗೆ ಹೋದೆ, ಮಾಸ್ಕ್ ಹಾಕಿಕೊಂಡು. ಎಲ್ಲ ಹೇಳಿದೆ. ನಾನು ಅವನ ಬಾಯಿಂದ ಒಳ್ಳೆಯ ಬೈಗುಳ ಕೇಳಲು ತಯಾರಾಗಿ ನಿಂತಿದ್ದೆ.

"ಆ ದವಾಖಾನಿ ಹೆಣಮಗಳು ನನ್ನ ಎರಡೆರಡು ಸಲ ಕೇಳಿದ್ಲೋ," ಎಂದ. "ಯಾರ ಜೋಡಿ ಕೂಡ್ತಿದ್ದಿ ಅಂತ. ನಿನ್ನ ಹೆಸರ ಬಾಯಿ ತನಕ ಬಂದಿತ್ತು. ಗುರುಸಂಗಪ್ಪ ಮರ್ಯಾದಿ ಮನಿಶ್ಯಾ, ಅವನ ಬಾಗಲಕ್ಕ ಪಟ್ಟಿ ಬ್ಯಾಡ ಅಂತ ನುಂಗಿದೆ. ಹೇಳಿದ್ರ ನಿನ್ನ ಅವತ್ತ ಒಂದು ಖೋಲ್ಯಾಗ ಕೂಡಸ್ತಿದ್ರಲ್ಲೋ. ಕೂಸ ನಿನ್ನ ಹತ್ರ ಬರ್ತಿದ್ದಿಲ್ಲ."

"ನಿಂದೇನ ತಪ್ಪಿಲ್ಲೋ."

"ನೀ ಹೇಳಬ್ಯಾಡ. ನನ್ನ ಪಾಲ ನನಗಿರ್ಲಿ," ಎಂದ. ಆಮೇಲೆ, "ಸೂಜಿ ಹಾಕಿಸ್ಕೊಂಡಿಯೇನ?" ಎಂದ. ಇಲ್ಲವೆಂದೆ. "ನನಗ ಈ ಜಡ್ಡ ಆದ ಮ್ಯಾಲ ಮೂರು ತಿಂಗಳ ತಡಿ ಅಂದಾರ. ನಿನಗೂ ಅಷ್ಟ. ಕೂಡೇ ಹೋಗೂಣು. ಟಿಕೆಟ್ ನಾ ತಗಸ್ತೇನಿ."

ಸಿದ್ದವ್ವನ ಎಲೆಚೀಲ ಗಳಕ್ಕೆ ತೂಗುಹಾಕಿದ್ದೇನೆ. ಎರಡು ತಿಂಗಳಿನಿಂದ ಅವಳ ಹೆಸರು ಈ ಡೈರಿಯಲ್ಲಿ ಬರೆದಿರಲಿಲ್ಲವೆಂದು ಈಗ ಕಾಣಿಸಿತು. ಸಿದ್ದೀ, ನೀನಿದ್ದಿದ್ದರೆ ನಾಲಿಗೆ ಸುಡದ ದಿನವೇ ಕಂಡುಹಿಡಿಯುತ್ತಿದ್ದೆ. ನಿನ್ನ ಮುದ್ದನ್ನು ನಾನು ಏನು ಮಾಡಿಟ್ಟೆ ನೋಡು.

ಜುಲೈ 4, ಭಾನುವಾರ

ಅನ್ನಿಯ ಬೆರಳ ತುದಿಯ ತೊಗಲು ಸುಲಿಯುತ್ತಿದೆ. ಜಡ್ಡು ಬಿಟ್ಟು ಹೋಗುವ ಗುರುತಂತೆ. "ಹಾವಿನಂಗ ಪೊರಿ ಬಿಡಾಕತ್ತೇನಿ ಅಜ್ಜಾ," ಎಂದು ಕಟ್ಟೆಯ ಮೇಲೆ ದೂರ ಕೂತು ತೋರಿಸಿದಳು. ತುಟಿ ಈಗ ಬೆಳ್ಳಗಿದೆ.

ಊಟವಾಗಿತ್ತು. ಅಭ್ಯಾಸ ನೋಡು, ಮಾಸ್ಕ್ ಇಳಿಸಿ, "ಅಜ್ಜಾ, ಆ…" ಎಂದಳು.

"ಇಲ್ಲ ಕೂಸ. ಇನ್ನ ಮ್ಯಾಲ ಇಲ್ಲ."

"ಯಾಕ?"

ಮೇ ತಿಂಗಳಲ್ಲಿ ಕೇಳಿದ್ದ ಅದೇ ಪ್ರಶ್ನೆ, ಅದೇ ದನಿ. "ನನಗ ಜಡ್ಡ ಇತ್ತು. ಮುಚ್ಚಿಟ್ಟೆ. ನನ್ನ ಬಾಯಾಗಿಂದ ನಿನಗ ಬಂತು," ಎಂದೆ.

ಅವಳು ಯೋಚಿಸಿದಳು. "ಹಂಗಾರ ಅಷ್ಟೂ ಸೂಜಿ ನಿನ್ನಿಂದ?"

"ನನ್ನಿಂದ."

"ಕಹಿ ಗುಳಿಗಿನೂ?"

"ಅದೂ."

ಅಳುತ್ತಾಳೆಂದುಕೊಂಡೆ. ಅವಳು ಮಾಸ್ಕ್ ಏರಿಸಿಕೊಂಡು ಕಟ್ಟೆಯ ತುದಿಗೆ ಹೋಗಿ ನಿಂತಳು. ಹಾಲಿನ ಕ್ಯಾನು ಹೊತ್ತು ಫಕೀರವ್ವ ಬರುತ್ತಿದ್ದಳು. "ಫಕೀರವ್ವಾ, ನನಗ ನಮ್ಮಜ್ಜನಿಂದ ಕೊರೊನಾ ಬಂದಿತ್ತು! ನಮ್ಮಜ್ಜ ಯಾರಿಗೂ ಹೇಳಿದ್ದಿಲ್ಲ!" ದವಾಖಾನೆಯಲ್ಲಿ ಎಷ್ಟು ದಿನ ಸುಮ್ಮನೆ ಮಲಗಿದ್ದಳೋ ಅಷ್ಟೂ ದನಿ ಇವತ್ತು ಹೊರಬಂತು. ಎದುರು ಬಾಗಿಲಲ್ಲಿ ಗೋಣೆಪ್ಪ ಕುರ್ಚಿಯಿಂದ ಅರ್ಧ ಎದ್ದ.

ಫಕೀರವ್ವ ಕ್ಯಾನು ಕೆಳಗಿಟ್ಟಳು. "ಏನ್ರಿ ಯಜಮಾನ್ರ, ಕೂಸ ಏನೇನರ ಅನ್ನಾಕತ್ತೈತಿ. ಖರೇ ಏನ್ರಿ?"

"ಖರೇ," ಎಂದೆ. "ಮೊದಲ ನನಗ ಬಂದಿತ್ತು. ಹೇಳಿದ್ದಿಲ್ಲ."

ಅವಳು ಗೋಡೆಯ ಬರಹದ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಕ್ಯಾನು ಎತ್ತಿಕೊಂಡು ಹೋದಳು. ಅಷ್ಟರಲ್ಲಿ ಸೈಕಲ್ಲಿನ ಮೇಲೆ ನಮ್ಮ ಓಣಿಯ ಕಾಶೀಂಸಾಬ ಬಂದ. ಅನ್ನಿ ಅವನನ್ನೂ ನಿಲ್ಲಿಸಿದಳು. ಅವನಿಗೂ ಖರೇ ಎಂದೆ. ಒಬ್ಬೊಬ್ಬರಿಗೂ ಹೇಳುವಾಗ ಮುಖ ಬಿಸಿಯಾಗುತ್ತಿತ್ತು, ಅಭ್ಯಾಸವಾಗಲಿಲ್ಲ. ಅವಳಿಗೆ ಸಾಕಾಗುವ ತನಕ ಕೂತಿದ್ದೆ.

ಸಂಜೆ ಪಡಸಾಲೆಯಲ್ಲಿ ಉಣ್ಣಲು ಕೂತಾಗ ಮಹೇಶ್ವರಿ ತಾಟು ಇಟ್ಟವಳು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ನಿಂತು ಕೇಳಿದಳು. "ಸಾರಿಗೆ ಉಪ್ಪು ಬರೋಬ್ಬರಿ ಆಗೇತೇನ್ರಿ ಮಾವಾರ?"

ಒಂದು ತುತ್ತು ಬಾಯಿಗಿಟ್ಟೆ. ನಾಲಿಗೆ ಹಿಂದಕ್ಕೆ ಸರಿಯಿತು.

"ಭಾಳ ಹೆಚ್ಚ ಆಗೇತವ್ವಾ."

"ಗೊತ್ತೈತ್ರಿ," ಎಂದಳು. "ನಿಮ್ಮ ಬಟ್ಟಲಕ್ಕಷ್ಟ ಹಾಕೇನಿ. ಇನ್ನ ಮ್ಯಾಲ ದಿನಾ ಹಿಂಗ ಕೇಳ್ತೇನ್ರಿ. ಒಂದೊಂದ ದಿನ ಹಾಕಿರ್ತೇನಿ, ಒಂದೊಂದ ದಿನ ಹಾಕಿರಂಗಿಲ್ಲ."

ಬೇರೆ ಸಾರು ತಂದುಕೊಟ್ಟು ಒಳಗೆ ಹೋದಳು.

ಕೇಳಲಿ.